ಹೂಂಗುಟ್ಟಲು ಬಿಟ್ಟ ಜಾಗ

"ನಮ್ಮಜ್ಜಿ ಕಥೆನ ಏನು ಮಾಡಿದೆ ನೀನು?"

ಎಡಿಟಿಂಗ್ ರೂಮಿನ ಬಾಗಿಲಲ್ಲೇ ನಿಂತು ಕೇಳಿದೆ. ಅವನು ಹೆಡ್‌ಫೋನ್ ತೆಗೆದು ನಕ್ಕ. ಆ ನಗುವಿಗೆ ಕರಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮ ಸಮುದಾಯ ರೇಡಿಯೋದಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ಕೆಮ್ಮು, ತೊದಲು, ಖಾಲಿ ಜಾಗ ಎಲ್ಲವನ್ನೂ ಸವರಿ ಕಾರ್ಯಕ್ರಮವನ್ನು ಅರ್ಧ ಗಂಟೆಯೊಳಗೆ ಕೂರಿಸುವವನು. ನಾನು ನಮ್ಮ ಭಾಷೆಯ ಅನೌನ್ಸರ್. ಅದನ್ನಾಡುವ ಮನೆಗಳೇ ಈಗ ಕಡಿಮೆ. ಹಳೆಯ ಕಥೆಗಳಂತೂ ಅಜ್ಜಿಯೊಬ್ಬಳಿಗೇ ಗೊತ್ತು. ಕತ್ತರಿಗೆ ಆ ಭಾಷೆಯ ಗಂಧಗಾಳಿಯೂ ಇಲ್ಲ.

"ಚೆನ್ನಾಗೇ ಬಂದಿತ್ತಲ್ಲ. ಮಧ್ಯೆ ಮಧ್ಯೆ ಸುಮ್ನೆ ಕೂತಿದ್ರು, ಅದನ್ನಷ್ಟೇ ತೆಗೆದೆ."

"ಸುಮ್ನೆ ಕೂತಿರ್ಲಿಲ್ಲ. ಕೇಳೋರು ಹೂಂ ಅನ್ಲಿ ಅಂತ ಕಾಯ್ತಿದ್ಲು. ಹೂಂ ಅಂದ್ರೇನೇ ನಮ್ಮ ಕಥೆ ಮುಂದೆ ಹೋಗೋದು. ಚಿಕ್ಕಮ್ಮ, ಮಾವ ಎಲ್ಲ ರೇಡಿಯೋ ಮುಂದೆ ಕೂತು ಹೂಂ ಅನ್ನೋಷ್ಟರಲ್ಲಿ ಕಥೆ ಎಲ್ಲೋ ಹೋಗಿತ್ತು. ಯಾರಿಗೂ ಕಾಯದ ಪೆಟ್ಟಿಗೆಗೆ ಇನ್ನು ಹೇಳಲ್ಲ ಅಂತ ಎದ್ದೋದ್ಲು ಅಜ್ಜಿ. ಒರಿಜಿನಲ್ ಇದೆ ತಾನೆ?"

"ಡಿಲೀಟ್ ಮಾಡ್ಬಿಟ್ಟೆ," ಎಂದ. "ಜಾಗ ಇರ್ಲಿಲ್ಲ."

ಅವನ ಮುಖ ಬಿಳಿಚಿಕೊಂಡಿತ್ತು. ನಾನು ಹೊರಟುಬಿಟ್ಟೆ. ಮನಸ್ಸಿಗೆ ಹಿಡಿಸಿದವನೇ ಹೀಗೆ ಮಾಡಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಸಂಜೆ ರೆಕಾರ್ಡರ್ ಇಲ್ಲದೆ ಮನೆಗೆ ಬಂದ. ಯಾರಿಂದಲೋ ಕಲಿತುಕೊಂಡು, ನಮ್ಮ ಭಾಷೆಯಲ್ಲೇ "ತಪ್ಪಾಯ್ತಜ್ಜಿ" ಎಂದ. ಅಜ್ಜಿ ಹೊಲಿಯುತ್ತಿದ್ದ ದಿಂಬಿನ ಕವರ್ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನ ಕತ್ತರಿ ಇವನೇನಾ?" ಎಂದು ನನ್ನನ್ನು ಕೇಳಿದಳು. ಅದನ್ನು ಮಾತ್ರ ನಾನು ಅವನಿಗೆ ಬಿಡಿಸಿ ಹೇಳಲಿಲ್ಲ. "ಸಿಟ್ಟಿಲ್ಲ ಅಂತ ಹೇಳು ಅವನಿಗೆ. ರೇಡಿಯೋಗೆ ಮಾತ್ರ ಇನ್ನು ಹೇಳಲ್ಲ."

ಇದನ್ನು ಅವನಿಗೆ ತಿಳಿಸಿದೆ.

ಗೇಟಿನವರೆಗೆ ಬಿಡಲು ಹೋದೆ. "ಇನ್ನು ಆ ಅರ್ಧ ಗಂಟೆ ಸಿನಿಮಾ ಹಾಡು ಹಾಕ್ತಾರೆ," ಎಂದೆ. "ನನ್ನ ಕಾಟ ತಪ್ತು ನಿಂಗೆ."

"ನಿನ್ನ ಪ್ರತಿ ರೆಕಾರ್ಡಿಂಗೂ ನಾನು ಎರಡೆರಡು ಸಲ ಕೇಳ್ತೀನಿ. ಒಂದು ಮಾತೂ ಅರ್ಥ ಆಗಲ್ಲ." ಅವನು ತನ್ನ ಚಪ್ಪಲಿ ನೋಡುತ್ತಾ ಹೇಳಿದ. "ಕೆಲಸಕ್ಕೆ ಒಂದು ಸಲ ಸಾಕಿತ್ತು."

ಕಿವಿಯವರೆಗೂ ಕೆಂಪಾಗಿದ್ದ. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ನಂಗೂ ನೀನಂದ್ರೆ ಇಷ್ಟ," ಎಂದೆ. "ಆದ್ರೆ ಸಿಟ್ಟು ಹೋಗಿಲ್ಲ. ಯಾವತ್ತು ಹೋಗುತ್ತೋ ಗೊತ್ತಿಲ್ಲ."

"ಹಾಗಾದ್ರೆ ಬರ್ಬೇಡ್ವಾ?"

"ಅಜ್ಜಿ ಕಥೆ ಹೇಳಲ್ಲ. ನಾನು ಸಿಡುಕ್ತಾ ಇರ್ತೀನಿ. ಆದ್ರೂ ದಿನಾ ಬಾ."