ಏಳದ ಬಣ್ಣ

ಅಮ್ಜದ್‌ನ ಮೂರು ಗಾಲಿಯ ಟಂಟಂ ಗಾಡಿಯ ಬ್ರೇಕ್ ಪೈಪನ್ನು ಯಾರೋ ಕೊಯ್ದಿದ್ದಾರೆ ಎಂದು ಮೊದಲು ಹೇಳಿದವನು ಅವನ ತಮ್ಮ ಮಂಜೂರ್.

ಅಮ್ಜದ್‌ನನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ಮಸ್ಕಿಯಿಂದ ಬಳಗಾನೂರಿಗೆ ಬರುವಾಗ ತಿರುವಿನಲ್ಲಿ ಗಾಡಿ ನಿಲ್ಲದೆ, ಬೇವಿನ ಮರಕ್ಕೆ ಬಡಿದು ಭತ್ತದ ಗದ್ದೆಯ ಕೆಸರಿಗೆ ಉರುಳಿತ್ತು. ಎಲ್ಲರೂ ಅಪಘಾತವೆಂದುಕೊಂಡು ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿದ್ದರು. ಪೈಪಿನ ಸುದ್ದಿ ಹಬ್ಬಿದ ಮೇಲೆ ಊರು ರಫೀಕನ ಹೆಸರು ಹೇಳಿತು. ಅದೇ ರಸ್ತೆಯಲ್ಲಿ ಟಂಟಂ ಓಡಿಸುವ ರಫೀಕ್ ಹಿಂದಿನ ವಾರ ಅಮ್ಜದ್‌ನ ಕೊರಳಪಟ್ಟಿ ಹಿಡಿದಿದ್ದ. ಈಗ ಠಾಣೆಯಲ್ಲಿದ್ದ.

ಎರಡು ದಿನ ಬಿಟ್ಟು, ಮಧ್ಯಾಹ್ನ, ಎಸ್‌ಐ ಅಂಬಿಕಾ ಹಳೆಯ ಮೆಕ್ಯಾನಿಕ್ ಬಂದೇಸಾಬನನ್ನು ಕರೆದುಕೊಂಡು ಬಂದರು. ಅಮ್ಜದ್‌ನ ಹೆಂಡತಿ ನಗ್ಮಾ ಹೊಸ್ತಿಲ ಒಳಗೆ ಕೂತಿದ್ದಳು. ಅವಳು ಇನ್ನೂ ಅತ್ತಿರಲಿಲ್ಲ.

"ಬಣ್ಣ ಯಾವಾಗ ಹೊಡಿಸಿದ್ರಿ?" ಬಂದೇಸಾಬ ಗಾಡಿ ಸುತ್ತಿ ಕೇಳಿದ.

"ಹದಿನೈದು ದಿನ ಆತ್ರಿ," ಎಂದ ಮಂಜೂರ್.

ಬಂದೇಸಾಬ ಗಾಡಿಯಡಿ ತೂರಿದ. ಕೊಯ್ದ ಪೈಪಿನಿಂದ ಸೋರಿದ್ದು ಹಳದಿ ಬಣ್ಣದ ಮೇಲೆ ಗೆರೆಯಾಗಿ ಇಳಿದಿತ್ತು. ಉಗುರಿನಿಂದ ಕೆರೆದ. ಬಣ್ಣ ಏಳಲಿಲ್ಲ.

"ಮೇಡಂ, ಬ್ರೇಕ್ ಆಯಿಲ್ ಚೆಲ್ಲಿದ್ರ ಕಬ್ಬಿಣಕ್ಕ ಲಗೂನ ಏನೂ ಆಗಂಗಿಲ್ಲ. ಬಣ್ಣ ಮಾತ್ರ ಒಂದ ದಿನದಾಗ ಗುಳ್ಳಿ ಎದ್ದು ಸಿಪ್ಪಿ ಬಿಡತೈತಿ. ಇಲ್ಲಿ ಏನೂ ಆಗಿಲ್ಲ."

"ಅಂದ್ರ?"

"ಸೋರಿದ್ದು ಬ್ರೇಕ್ ಆಯಿಲ್ ಅಲ್ಲ."

ಅವನು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗಿನ ರಬ್ಬರ್ ಊದಿಕೊಂಡಿತ್ತು, ಮತ್ತೆ ತನ್ನ ಜಾಗದಲ್ಲಿ ಕೂರಲಿಲ್ಲ. ಬೆರಳು ಅದ್ದಿ ಮೂಸಿದ.

"ಇದು ಇಂಜಿನ್ ಆಯಿಲ್ ಐತ್ರಿ. ಇದು ತಾಗಿದ್ರ ಬ್ರೇಕಿನ ರಬ್ಬರ್ ಎಲ್ಲಾ ಊದತಾವ. ಆಮ್ಯಾಲೆ ಬ್ರೇಕ್ ಹಿಡಿಯಂಗಿಲ್ಲ. ಇಷ್ಟು ಊದಾಕ ವಾರ ಬೇಕು; ಗಾಡಿ ಉರುಳೂಕಿಂತ ಮೊದಲ ಬಿದ್ದೇತಿ."

ಅಂಬಿಕಾ ಬಗ್ಗಿ ಪೈಪನ್ನು ನೋಡಿದರು. ಉದ್ದಕ್ಕೂ ಒಣಗಿದ ಕೆಸರು. ಕೊಯ್ದ ತುದಿಯಲ್ಲಿ ಮಾತ್ರ ಇಲ್ಲ — ಲೋಹ ಹೊಳೆಯುತ್ತಿತ್ತು.

"ಕೆಸರು ಮೆತ್ತಿದ ಮ್ಯಾಲೆ ಕೊಯ್ದಾರ, ಮಂಜೂರ್. ಅಂದ್ರ ನಿಮ್ಮಣ್ಣ ಸತ್ತ ಮ್ಯಾಲೆ. ಸತ್ತಾಂವನ ಗಾಡಿ ಕೊಯ್ದು ರಫೀಕಗ ಏನು ಬರಬೇಕು?"

ಮಂಜೂರ್ ಹೊಸ್ತಿಲ ಕಡೆ ನೋಡಿದ.

"ದಿನಾ ಮುಂಜಾನೆ ಗಾಡಿಗೆ ನೀರು, ಆಯಿಲ್ ನೋಡಾಂವ ಯಾರು?"

"ನಾನ."

"ಏನು ಹಾಕಿದಿ?"

"ಬ್ರೇಕ್ ಆಯಿಲ್ ಹಳೇದಾಗೇತಿ, ತಗದು ಹೊಸಾದು ಹಾಕು ಅಂದಿದ್ದ ಅಣ್ಣ. ಮನ್ಯಾಗ ಇಂಜಿನ್ ಆಯಿಲ್ ಇತ್ತು. ಆಯಿಲ್ ಅಂದ್ರ ಆಯಿಲ್ ಅಲ್ಲೇನ್ರಿ? ಅದನ್ನ ಹಾಕಿದೆ." ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅಣ್ಣನ ಮಯ್ಯತ್ತಿಗೆ, ಮಣ್ಣಿಗೆ, ಬಂದ ಡ್ರೈವರ್ ಒಬ್ಬಾಂವ ಅಂದ — ಬ್ರೇಕಿಗೆ ಬ್ಯಾರೆ ಆಯಿಲ್ ಬಿದ್ರ ಹಿಂಗ ಆಗತೈತಿ ಅಂತ. ಮರುದಿನ ಪೈಪ್ ಕೊಯ್ದೆ."

"ರಫೀಕನ ಹೆಸರು?"

"ನಾ ಹೇಳಲಿಲ್ರಿ. ಮಂದಿ ಅಂದ್ರು. ನಾ ಸುಮ್ಮನಿದ್ದೆ."

"ರಫೀಕನ್ನ ಮನೀಗೆ ಕಳಸ್ರಿ," ಒಳಗಿನಿಂದ ನಗ್ಮಾ ಹೇಳಿದಳು. "ಅವನ ಹೆಂಡ್ತಿ ಒಲಿ ಹಚ್ಚಿಲ್ಲಂತ."

ಅಂಬಿಕಾ ಠಾಣೆಗೆ ಫೋನ್ ಮಾಡಿದರು. ಆಮೇಲೆ ಮಂಜೂರ್‌ಗೆ ಜೀಪು ತೋರಿಸಿದರು. ಅವನು ಬರಿಗಾಲಲ್ಲೇ ಅಂಗಳಕ್ಕಿಳಿದು, ನಿಂತ.

"ಭಾಬಿ."

ನಗ್ಮಾ ತಲೆಯೆತ್ತಿದಳು. ಗುರುತಿಲ್ಲದವರನ್ನು ನೋಡುವಂತೆ ಬಹಳ ಹೊತ್ತು ನೋಡಿದಳು.

"ಚಪ್ಪಲಿ ಹಾಕ್ಕೊ," ಎಂದಳು. "ನೆಲ ಕಾದೈತಿ."