ಹದಿನಾರನ್ನು ಎಲ್ಲಿಡೋದು?

ಹನ್ನೊಂದು ದಿನದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಕಾರಣ ಒಂದು ಸಂಖ್ಯೆ. ಹದಿನಾರು.

ಗಣಿಯ ಬಾಯಿಗೆ ಅಂಟಿಕೊಂಡಂತಿದ್ದ ಕಂಟ್ರೋಲ್ ರೂಮಿನಲ್ಲಿ ಎದುರುಬದುರು ಎರಡು ಮೇಜು. ಒಂದು ಅವನದು. ಓದು ಅರ್ಧಕ್ಕೇ ಬಿಟ್ಟು, ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ಬಿಚ್ಚಿಯೇ ಕರ್ನಲ್ಲಿನ, ಅಂದರೆ ಅವುಗಳನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಮಿನ, ಒಳಗುಟ್ಟು ಕಲಿತವನು. ಹಿಡಿದದ್ದು ಬಿಡದ ಅವನಿಗೆ ಎಲ್ಲರೂ ಇಟ್ಟ ಹೆಸರು ಮೊಂಡ. ಇನ್ನೊಂದು ಮೇಜು ಅವಳದು. ಯಾರ ತಪ್ಪನ್ನೂ ತಿದ್ದದೆ ಬಿಡುವವಳಲ್ಲ. ಅವಳಿಗೆ ಮೇಷ್ಟ್ರು ಅಂತ ಹೆಸರಿಟ್ಟವನು ಮೊಂಡನೇ.

ಅವರು ನೋಡಿಕೊಳ್ಳುತ್ತಿದ್ದ ಯಂತ್ರದ ಕೆಲಸ ಒಂದೇ, ಕೆಳಗೆ ಗಾಳಿ ಕೆಟ್ಟರೆ ಕೂಗಿಕೊಳ್ಳುವುದು. ಬೇರೆ ಪ್ರೋಗ್ರಾಮುಗಳು ಎಷ್ಟೇ ಮೆಮೊರಿ ನುಂಗಲಿ, ಆ ಕೂಗಿಗೆ ಅಂತ ಹದಿನಾರು ಎಂಬಿ ಜಾಗ ಎತ್ತಿಡಬೇಕು. ಈ ಸಂಖ್ಯೆ ಇಷ್ಟು ದಿನ ಎರಡು ಕಡೆ ಬರೆದಿತ್ತು. ಅವನ ಕರ್ನಲ್ಲಿನಲ್ಲೊಂದು, ಅವಳ ಸೆಟ್ಟಿಂಗ್ಸ್ ಫೈಲಿನಲ್ಲೊಂದು. ಒಂದೇ ಕಡೆ ಇರಲಿ, ಎಲ್ಲಿ ಅಂತ ನೀವೇ ತೀರ್ಮಾನ ಮಾಡಿಕೊಳ್ಳಿ ಎಂದು ಮ್ಯಾನೇಜರು ಕೈತೊಳೆದುಕೊಂಡಿದ್ದರು.

“ಕರ್ನಲ್ ಒಳಗೇ ಇರ್ಲಿ. ಫೈಲಿಗೆ ಯಾರ್ ಬೇಕಾದ್ರೂ ಕೈ ಹಾಕ್ತಾರೆ,” ಅಂದಿದ್ದ ಮೊಂಡ.

“ಒಂದು ನಂಬರ್ ಬದಲಿಸೋಕೆ ಇಡೀ ಕರ್ನಲ್ ಮತ್ತೆ ಕಟ್ಬೇಕಾ? ಫೈಲಲ್ಲಿರ್ಲಿ.”

“ಡಿಗ್ರಿ ಇರೋರು ಹೇಳಿದ್ಮೇಲೆ ಮುಗೀತು ಬಿಡಿ, ಮೇಷ್ಟ್ರೇ.”

ಅವಳ ಮುಖ ಸಣ್ಣಗಾಯಿತು. ಮಾತು ಜಾರಿತೆಂದು ಅವನಿಗೂ ಗೊತ್ತಾಯಿತು. ಮೊಂಡ ತಾನೇ, ತಪ್ಪಾಯ್ತು ಅನ್ನಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅವನ ಅಣ್ಣ ಗಣಿಗೆ ಇಳಿಯುವ ಮುಂಚೆ ಹೆಲ್ಮೆಟ್ ಬಿಗಿಯುತ್ತಾ ಕೇಳಿದ. “ಮೇಷ್ಟ್ರ ಜೊತೆ ರಾಜಿ ಆಯ್ತೇನೋ?”

“ಇವತ್ತು ಆಗ್ತೀನಿ.”

“ಆಗಪ್ಪಾ. ಮನೇಲಿ ನಿನ್ ಮುಖ ನೋಡೋಕಾಗ್ತಿಲ್ಲ.”

ಹನ್ನೊಂದು ಗಂಟೆಗೆ ಮೊಂಡ ಟೀ ತಂದು ಅವಳ ಮೇಜಿನ ಮೇಲಿಟ್ಟ. ಅವಳು ರೆಪ್ಪೆ ಎತ್ತಿದಳು. ಹನ್ನೊಂದು ದಿನ ಕಾಣದ ಆ ಕಣ್ಣನ್ನು ಅವನು ಕದ್ದಲ್ಲ, ನೇರವಾಗಿಯೇ ನೋಡಿದ.

“ಏನು, ಟೀ ದಾರಿ ತಪ್ಪಿ ಬಂತಾ?”

“ಇಲ್ಲ. ಸೋತು ಬಂತು. ನಿನ್ನೆ ಕರ್ನಲ್‌ನಿಂದ ಹದಿನಾರು ತೆಗ್ದುಬಿಟ್ಟೆ. ನೀನು ಹೇಳ್ದಂಗೆ ನಿನ್ ಫೈಲಲ್ಲೇ ಇರ್ಲಿ.”

ಅವಳ ತುಟಿಯಂಚಿನಲ್ಲಿ ಹುಟ್ಟಿದ ನಗು ಅರ್ಧಕ್ಕೇ ನಿಂತಿತು. ಎತ್ತಿದ ಲೋಟವೂ ನಿಂತಿತು.

“ನಿನ್ನೆ ನಾನು ಫೈಲಿಂದ ತೆಗ್ದೆ,” ಅಂದಳು ಮೆಲ್ಲಗೆ. “ನೀನು ಸೋಲಲ್ಲ, ನಾನೇ ಸೋಲೋಣ ಅಂತ. ನೀನು ಮಾತಾಡ್ದೆ ಇದ್ರೆ ಈ ರೂಮಲ್ಲಿ ಕೂರೋಕಾಗ್ತಿರ್ಲಿಲ್ಲ ಕಣೋ.”

ಎರಡು ಬದಲಾವಣೆಗೂ ಮ್ಯಾನೇಜರು ಓದದೆ ಸಹಿ ಹಾಕಿದ್ದರು. ಬೆಳಿಗ್ಗೆ ಯಂತ್ರ ಅವೆರಡನ್ನೂ ಹೊತ್ತುಕೊಂಡೇ ಎದ್ದಿತ್ತು. ಸಂಖ್ಯೆ ಎಲ್ಲೂ ಸಿಗದಿದ್ದರೆ ಯಂತ್ರ ತಕರಾರು ಮಾಡುವುದಿಲ್ಲ. ಸೊನ್ನೆ ಎಂದುಕೊಂಡು ಸುಮ್ಮನಾಗುತ್ತದೆ.

ಮೊಂಡ ಅವಳ ಹಿಂದಿನ ಗೋಡೆ ನೋಡಿದ. ಕೂಗುವ ಪ್ರೋಗ್ರಾಂ ಬದುಕಿದ್ದರೆ ಅಲ್ಲಿನ ಹಸಿರು ದೀಪ ಸೆಕೆಂಡಿಗೊಮ್ಮೆ ಮಿಟುಕಬೇಕು. ಮಿಟುಕುತ್ತಿರಲಿಲ್ಲ. ಎಷ್ಟು ಹೊತ್ತಿನಿಂದಲೋ! ಅವನು ಬಂದಾಗಿನಿಂದ ಅವಳನ್ನೇ ನೋಡುತ್ತಿದ್ದ.

ಕೂಗಬೇಕಾದ ಪ್ರೋಗ್ರಾಂ ಜಾಗವಿಲ್ಲದೆ ಯಾವಾಗಲೋ ಸತ್ತಿತ್ತು. ಕೆಳಗೆ ಕೆಲಸ ನಿಲ್ಲಿಸಿ ಎಂದು ಮೊಂಡ ಕೂಗಿದ್ದಕ್ಕೆ ಮ್ಯಾನೇಜರು ಬಾಗಿಲಲ್ಲಿ ಕಾಣಿಸಿಕೊಂಡರು.

“ಗಾಳಿ ಸರಿ ಇದೆ ಅಂತ ಸ್ಕ್ರೀನೇ ಹೇಳ್ತಿದೆಯಲ್ಲಪ್ಪಾ,” ಅಂದರು ಮ್ಯಾನೇಜರು. “ಕೆಲಸ ನಿಲ್ಲಿಸೋಕೆ ನೀನ್ಯಾರು?”

“ಸ್ಕ್ರೀನ್ ನಿಂತೋಗಿದೆ, ಅದು ಏಳೂಕಾಲರ ಗಾಳಿ ಸಾರ್! ಈಗ ಹನ್ನೊಂದು! ಓದ್ದೆ ಸಹಿ ಹಾಕೋ ಕೈಲಿ ಆ ಫೋನಾದ್ರೂ ಎತ್ತಿ!”

ಫೋನು ಆಗಲೇ ಅವಳ ಕೈಯಲ್ಲಿತ್ತು. “ಎಲ್ಲರನ್ನೂ ಮೇಲೆ ಕಳ್ಸಿ. ಹೌದು, ಎಲ್ಲರನ್ನೂ. ತಪ್ಪು ನನ್ದು, ಹೆಸರು ಬರ್ಕೊಳ್ಳಿ.”

“ನಮ್ದು,” ಅಂದ ಮೊಂಡ.

ಲಿಫ್ಟು ಮೂರು ಸಲ ಮೇಲೆ ಬಂತು. ಮೂರು ಸಲವೂ ಅಣ್ಣ ಇರಲಿಲ್ಲ. ಹಗ್ಗ ನಾಲ್ಕನೆಯ ಸಲ ಕಿರುಗುಟ್ಟತೊಡಗಿದಾಗ ಅವಳ ಉಗುರುಗಳು ಮೊಂಡನ ಅಂಗೈಗೆ ಇಳಿದಿದ್ದವು.

ಅಣ್ಣ ಇನ್ನೊಬ್ಬನ ಹೆಗಲಿಗೆ ಜೋತುಬಿದ್ದು ಬಂದ. “ಯಾಕೋ ಕರ್ಸಿದ್ರಿ? ಬೆಳಿಗ್ಗೆಯಿಂದ ತಲೆ ಸುತ್ತು. ತಿಂಡಿ ತಿನ್ದೆ ಬಂದಿದ್ದಕ್ಕೆ ಅನ್ಕೊಂಡಿದ್ದೆ…” ಅನ್ನುತ್ತಲೇ ಕುಸಿದು ಕೂತ. ಅವನಿಗೆ ಉಸಿರು ನೆಟ್ಟಗಾಗುವವರೆಗೆ ಇಬ್ಬರೂ ಕೈ ಬಿಡಲಿಲ್ಲ.

ಮಧ್ಯಾಹ್ನ ಇಬ್ಬರೂ ಕೂತು ಬರೆದರು. ಹದಿನಾರಕ್ಕಿಂತ ಕಡಿಮೆ ಬೇಡ ಎಂಬುದು ಕರ್ನಲ್ಲಿನ ಒಳಗೆ. ಹೆಚ್ಚು ಬೇಕಾದರೆ ಫೈಲಿನಲ್ಲಿ. ಇಳಿಸುವ ಅಧಿಕಾರ ಯಾರಿಗೂ ಇಲ್ಲ, ಅವರಿಬ್ಬರಿಗೂ ಇಲ್ಲ.

“ಇನ್ಮೇಲೆ ನನಗೋಸ್ಕರ ಸೋಲೋದಾದ್ರೆ ಹೇಳಿ ಸೋಲು,” ಅಂದಳು.

“ಮದ್ವೆ ಆದ್ಮೇಲೂನಾ?”

“ಇದೇನೋ, ಹೀಗಾ ಕೇಳೋದು?”

“ಹೇಳ್ದೆ ಬಿಟ್ಟಿದ್ದು ಸಾಕು ಅನ್ನಿಸ್ತು.”

ಅವಳು ಎದ್ದು, ತನ್ನ ಕುರ್ಚಿ ಎಳೆದುಕೊಂಡು ಬಂದು ಅವನ ಪಕ್ಕಕ್ಕೆ ಹಾಕಿ ಗೋಡೆಗೆ ಮುಖ ಮಾಡಿ ಕೂತಳು.

“ಆದ್ಮೇಲೂ,” ಅಂದಳು, ದೀಪದಿಂದ ಕಣ್ಣು ಕೀಳದೆ.

ಹಸಿರು ಮಿಟುಕಿತು. ಇಬ್ಬರೂ ಉಸಿರು ಬಿಗಿಹಿಡಿದು ಇನ್ನೊಂದಕ್ಕೆ ಕಾದರು.