ಲ್ಯಾರೆಡೋದಲ್ಲಿ ಹುಟ್ಟಿದವನು

ಹಿಂದಿನ ಪಿಕಪ್ ನನ್ನ ಕಾರಿಗೆ ಗುದ್ದೋದೊಂದು ಬಾಕಿ.

ಕನ್ನಡೀಲಿ ನೋಡಿದೆ. ರೂಬೆನ್ ವಿಯಾಲ್ಪಾಂಡೋ. ನಮ್ಮ ಕೌಂಟಿಯ ಪೊಲೀಸು, ಜೈಲು ಎರಡನ್ನೂ ನೋಡ್ಕೊಳ್ಳೋ ಶೆರಿಫ್‌ನ ಬಲಗೈ. ರಜೆ ಹಾಕಿ ಮೀನು ಹಿಡಿಯೋಕೆ ಹೋಗಿದ್ದವನು ಶೆರಿಫ್ ಕರೆದ ಅಂತ ಅರ್ಧಕ್ಕೇ ಎದ್ದು ಬಂದಿದಾನೆ. ಶೆರಿಫ್‌ಗೆ ಎಷ್ಟು ಗಾಬರಿ ಆಗಿರಬೇಕು, ನೀವೇ ಯೋಚನೆ ಮಾಡಿ.

"ಮಾರ್ವಾ, ಗಾಡಿ ನಿಲ್ಸು!"

ನಿಲ್ಲಿಸಲಿಲ್ಲ.

ಪಕ್ಕದಲ್ಲಿ ಫರ್ಮೀನಾ ಇದ್ಲು. ಗ್ವಾಟೆಮಾಲಾದವಳು. ಗಂಡ ಯೂಸೇಬಿಯೋ ಮನೆ ಸೂರು ರಿಪೇರಿ ಮಾಡೋನು. ಗಾಡಿಯ ಹಿಂದಿನ ದೀಪ ಒಡೆದಿದೆ ಅಂತ ಹಿಡಿದು ಹಾಕಿದ್ರು. ಜಡ್ಜ್ ಬಿಡಿ ಅಂದ್ರು. ಶೆರಿಫ್ ಬಿಡಲಿಲ್ಲ. ವಲಸೆ ಇಲಾಖೆಯವರು ಬಂದು ಎತ್ಕೊಂಡು ಹೋಗಲಿ ಅಂತ ಕೂಡಿಟ್ಟ. ಅವರಿಗೂ ಇವನಿಗೂ ಅಂಥಾ ದೋಸ್ತಿ.

ಜಾಮೀನು ಕೊಟ್ಟು ಜನರನ್ನ ಒಳಗಿಂದ ಬಿಡಿಸೋದು ನನ್ನ ಕಸುಬು. ಜಡ್ಜ್ ಹತ್ರ ಇನ್ನೊಂದು ಆದೇಶ ಬರೆಸಿಕೊಂಡು ಜೈಲಿಗೆ ಓಡ್ತಿದ್ವಿ. ಇಲಾಖೆ ವ್ಯಾನಿಗಿಂತ ಮುಂಚೆ ತಲುಪಿದ್ರೆ ಗಂಡ ಮನೆಗೆ. ಇಲ್ಲಾಂದ್ರೆ... ಗಡೀಪಾರಿನ ವಿಮಾನಕ್ಕೆ.

"ಇನ್ನೂ ಜೋರಾಗಿ ಓಡ್ಸು ಅಕ್ಕಾ" ಅಂದ್ಲು ಫರ್ಮೀನಾ.

"ಬೆಲ್ಟ್ ಹಾಕ್ಕೋ."

ಜೈಲಿನ ಎದುರು ಪೆಟ್ರೋಲ್ ಬಂಕ್. ಅಲ್ಲಿ ಕರಿ ವ್ಯಾನ್. ಮಾಸ್ಕ್ ಹಾಕಿದ ನಾಲ್ಕು ಜನ, ಮಾಸ್ಕ್ ಎತ್ತಿ ಎತ್ತಿ ಕಾಫಿ ಹೀರ್ತಿದ್ರು.

ಇಲಾಖೆಯವರು ಆಗಲೇ ಬಂದುಬಿಟ್ಟಿದ್ರು.

ರೂಬೆನ್ ನನ್ನನ್ನ ದಾಟಿ ಹೋಗಿ ಜೈಲಿನ ಗೇಟಿಗೆ ಪಿಕಪ್ ಅಡ್ಡ ತಂದ. ಉಳಿದಿದ್ದು ಬಂಕ್ ಒಂದೇ. ನುಗ್ಗಿಸಿ ಬ್ರೇಕ್ ಒತ್ತಿದೆ. ಅವನೂ ಹಿಂದೆಯೇ ಬಂದು, ಇಳಿದು, ನನ್ನತ್ತ ಓಡಿದ. ಹೂವಿನ ಚಡ್ಡಿ. ಹವಾಯಿ ಚಪ್ಪಲಿ. ಮೈಯೆಲ್ಲಾ ಮೀನಿನ ವಾಸನೆ.

ಮಾಸ್ಕಿನವರು ಕಾಫಿ ಕೆಳಗಿಟ್ಟರು.

"ನಿಲ್ಲು. ಗುರುತಿನ ಚೀಟಿ?"

"ಮನೇಲಿದೆ. ನಾನು ಪೊಲೀಸು."

"ಈ ಚಡ್ಡೀಲಾ?"

"ಅಯ್ಯೋ, ಫೋನ್ ಮಾಡಿ ನಿಮ್ಮನ್ನ ಕರೆಸಿದ್ದೇ ನಾನು ಕಣ್ರೀ."

"ಹುಟ್ಟಿದ್ದೆಲ್ಲಿ?"

"ಲ್ಯಾರೆಡೋ."

"ನೋಡು, ಅವನೇ ಒಪ್ಕೊಂಡ" ಅಂದ ಇನ್ನೊಬ್ಬ.

"ಅದು ಮೆಕ್ಸಿಕೋ ಅಲ್ಲ, ಟೆಕ್ಸಾಸ್ ಕಣಯ್ಯಾ! ನಮ್ಮ ಮುತ್ತಾತನೂ ಅಲ್ಲೇ ಹುಟ್ಟಿದ್ದು."

ಬೇಡಿ ಬಿತ್ತು. ದಪ್ಪಗಿದ್ದವನು ನನ್ನ ಕಡೆ ತಿರುಗಿದ.

"ಇವನು ಯಾರು ಗೊತ್ತಾ ಮೇಡಂ?"

"ವಕೀಲರನ್ನ ಕೇಳದೆ ನಾನೇನೂ ಹೇಳಲ್ಲ."

ರೂಬೆನ್ ನೋಡಿದ ನೋಟಕ್ಕೆ ಹಾಲು ಒಡೀಬೇಕಿತ್ತು.

ವ್ಯಾನಿನವರಿಗೆ ಒಬ್ಬ ಬೇಕಿತ್ತು. ಒಬ್ಬ ಸಿಕ್ಕಿದ. ಹೊರಟುಹೋದ್ರು.

ನಾವು ಜೈಲಿನ ಒಳಗೆ ಕಾಲಿಟ್ಟಾಗ ಶೆರಿಫ್ ಹಕಬಿ ಫೋನಲ್ಲಿ ಕಿರುಚ್ತಿದ್ದ.

"ಅವನು ನಮ್ಮ ಹುಡುಗ ಕಣ್ರೀ. ಏನೂ ತಪ್ಪು ಮಾಡಿಲ್ಲ. ಸುಮ್ಸುಮ್ನೆ ಹಿಡಿದಿಡೋಕೆ ನಿಮಗೇನು ಹಕ್ಕಿದೆ?"

"ನಾನೂ ಅದನ್ನೇ ಕೇಳೋಕೆ ಬಂದೆ ಸರ್" ಅಂದ್ಲು ಫರ್ಮೀನಾ, ಮೆತ್ತಗೆ.

ಶೆರಿಫ್‌ನ ಮುಖ ಟೊಮೇಟೊ ಆಯ್ತು. ಟೋಪಿ ಎತ್ಕೊಂಡು ಹೊರಗೋಡಿದ. ಕೌಂಟರಿನ ಮುದುಕಿ ಆದೇಶ ಓದಿದ್ಲು. ಅವನ ಖಾಲಿ ಕುರ್ಚಿ ನೋಡಿದ್ಲು. ಬಾಗಿಲಿನ ಗುಂಡಿ ಒತ್ತಿದ್ಲು.

ಯೂಸೇಬಿಯೋ ಶೂ ಕೈಯಲ್ಲಿ ಹಿಡ್ಕೊಂಡೇ ಬಂದ. ಫರ್ಮೀನಾ ಅವನ ತೋಳಿಗೆ ಎರಡು ಬಿಟ್ಲು.

"ದೀಪ ಹಾಕ್ಸು ಅಂತ ಎಷ್ಟು ಬಡ್ಕೊಂಡೆ..."

ಆಮೇಲೆ ಅದೇ ತೋಳಿಗೆ ಮುಖ ಒತ್ತಿ ಅತ್ತಳು. ನಾನು ಗೋಡೆ ನೋಡ್ತಾ ನಿಂತೆ.

ಸಂಜೆ ಫೋನ್ ಬಂತು. ರೂಬೆನ್.

"ಮಾರ್ವಾ, ನನ್ನ ಬಿಡ್ಸು."

"ನಿನ್ನ ಶೆರಿಫ್?"

"ಅವರನ್ನ ಇಲಾಖೆಯವರು ಗೇಟಲ್ಲೇ ಕಾಯಿಸ್ತಿದಾರೆ. ನೀನೇ ಗತಿ."

"ಆಗ್ಲಿ. ನಿನ್ನ ಜನನ ಪತ್ರ ಹುಡುಕಿಡೋಕೆ ಅಮ್ಮನಿಗೆ ಹೇಳು. ಸೋಮವಾರ ಬರ್ತೀನಿ."

"ಇವತ್ತಿನ್ನೂ ಶುಕ್ರವಾರ."

"ಗೊತ್ತು" ಅಂದು ಫೋನ್ ಇಟ್ಟೆ.